ಹಿಂತಿರುಗುವ ವೇಳೆ: ಸಾಹಸಯಾನ ಬದುಕಿಗೂ ವ್ಯವಹಾರಕ್ಕೂ ಕಲಿಸುವುದು



ವಾಣಿಜ್ಯ ಮತ್ತು ನಿರ್ವಹಣಾಶಾಸ್ತ್ರದ ವಿದ್ಯಾರ್ಥಿಗಳಾದ ನಿಮ್ಮ ಮುಂದೆ ಈ ಉಪನ್ಯಾಸ ಕೊಡಲು ಕರೆದಾಗ ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ನನಗೆ ಕೊಟ್ಟಿರಿ. ನನ್ನ ಉದ್ಯೋಗದ ಬಹುಪಾಲು ವರ್ಷಗಳು ಬ್ಯಾಂಕಿನ ಕೃಷಿ ಮತ್ತು ಸಣ್ಣ ಉದ್ಯಮದ ಸಾಲ ವಿಭಾಗದಲ್ಲಿ ಕಳೆದವು. ರಜೆ ಸಿಕ್ಕಾಗಲೆಲ್ಲ ಪಶ್ಚಿಮ ಘಟ್ಟಗಳಲ್ಲಿ ಚಾರಣ ಮಾಡಿದೆ, ಪರ್ವತಾರೋಹಣದ ಚರಿತ್ರೆಯನ್ನು ಆಸಕ್ತಿಯಿಂದ ಓದಿದೆ. ಬೆಟ್ಟ ಮತ್ತು ಸಾಲದ ಕಡತ, ಎರಡೂ ನನಗೆ ಒಂದೇ ಪಾಠವನ್ನು ಬೇರೆ ಬೇರೆ ಕಡೆಯಿಂದ ಹೇಳಿಕೊಟ್ಟವು. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಸಾಹಸಕ್ಕೂ ವ್ಯವಹಾರಕ್ಕೂ ನಂಟು ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ ಸರಕು ಹಡಗುಗಳು ಒಂದಾದ ಮೇಲೊಂದು ಮುಳುಗುತ್ತಿದ್ದವು. ಜೀವರಕ್ಷಕ ದೋಣಿ ಹತ್ತಿದ ನಾವಿಕರಲ್ಲಿ ಗಟ್ಟಿಮುಟ್ಟಾದ ಯುವಕರಿಗಿಂತ, ಹಾಯಿಹಡಗಿನ ಕಾಲದಿಂದ ಕಡಲು ಕಂಡ ಹಿರಿಯರೇ ಹೆಚ್ಚು ಬದುಕಿ ಬರುತ್ತಿದ್ದಾರೆ ಎಂಬುದು ಬ್ಲೂ ಫನಲ್ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಅವರನ್ನು ಕಾಡಿತು. ಅವರ ನೆರವಿನಿಂದ ಶಿಕ್ಷಣತಜ್ಞ ಕುರ್ಟ್ ಹಾನ್ 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಶಾಲೆ ತೆರೆದರು. ಕಡಲು ಮತ್ತು ಬೆಟ್ಟಗಳ ನಡುವೆ ಯುವಕರನ್ನು ತಯಾರು ಮಾಡುವ ಆ ಪ್ರಯೋಗಕ್ಕೆ ಹಣ ಹಾಕಿದ್ದು ಒಂದು ವ್ಯಾಪಾರಿ ಸಂಸ್ಥೆ. ನಮ್ಮಲ್ಲಿಯೂ 1984ರಲ್ಲಿ ಬಚೇಂದ್ರಿ ಪಾಲ್ ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆಯಾದ ಮೇಲೆ, ಟಾಟಾ ಸ್ಟೀಲ್ ಕಂಪನಿಯ ಸಾಹಸ ಪ್ರತಿಷ್ಠಾನವನ್ನು ದಶಕಗಳ ಕಾಲ ಅವರೇ ಕಟ್ಟಿ ಬೆಳೆಸಿದರು. ಕಂಪನಿಗಳು ತಮ್ಮ ನೌಕರರನ್ನು ಕಾಡಿಗೆ, ನದಿಗೆ ಕರೆದೊಯ್ಯುವುದು ಇಂದು ದಾಂಡೇಲಿಯಲ್ಲಾಗಲೀ ರಾಮನಗರದಲ್ಲಾಗಲೀ ಸಾಮಾನ್ಯ ದೃಶ್ಯ.

ಇಂಥ ಶಿಬಿರಗಳಲ್ಲಿ ಹೆಚ್ಚಾಗಿ ಕೇಳುವ ಮಾತು ಧೈರ್ಯ, ಛಲ, ಒಗ್ಗಟ್ಟು. ಅವುಗಳ ಬೆಲೆ ನನಗೆ ಗೊತ್ತು. ಆದರೂ ಛಲ ಕಡಿಮೆಯಾಗಿ ಹಾಳಾದ ಉದ್ಯಮಗಳಿಗಿಂತ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಾಳಾದ ಉದ್ಯಮಗಳನ್ನು ನಾನು ಹೆಚ್ಚು ಕಂಡಿದ್ದೇನೆ. ಆದ್ದರಿಂದ ಇಂದು ನಾನು ಮಾತಾಡುವುದು ಹಿಂತಿರುಗುವುದರ ಬಗ್ಗೆ. ಹಿಂತಿರುಗುವ ವೇಳೆಯನ್ನು ಯಾವಾಗ ಗೊತ್ತುಮಾಡಬೇಕು, ಹಿಂತಿರುಗುವ ದಾರಿಗೆ ಏನನ್ನು ಉಳಿಸಿಡಬೇಕು, ಹಿಂತಿರುಗಿ ಬಂದವರನ್ನು ಹೇಗೆ ನಡೆಸಿಕೊಳ್ಳಬೇಕು, ಕೊನೆಯದಾಗಿ, ‘ಸಾಕು, ತಿರುಗೋಣ’ ಎನ್ನುವ ಹಕ್ಕು ಯಾರದು. ಈ ನಾಲ್ಕು ಪ್ರಶ್ನೆಗಳ ಸುತ್ತ ನನ್ನ ಮಾತು ಸಾಗುತ್ತದೆ.

ಮೊದಲನೆಯ ಪ್ರಶ್ನೆಗೆ ಬರೋಣ. ಎವರೆಸ್ಟ್ ಏರುವವರು ಸಾಮಾನ್ಯವಾಗಿ ನಡುರಾತ್ರಿಯ ಹೊತ್ತಿಗೆ ಕೊನೆಯ ಶಿಬಿರದಿಂದ ಹೊರಡುತ್ತಾರೆ. ಮಧ್ಯಾಹ್ನ ಇಂತಿಷ್ಟು ಗಂಟೆಯಾದರೆ, ಶಿಖರ ಕಣ್ಣೆದುರಿಗೇ ಇದ್ದರೂ ಹಿಂತಿರುಗಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಇದಕ್ಕೆ ಕಾರಣ ಸರಳ. ಶಿಖರದ ಹತ್ತಿರ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಒಂದು ಪಾಲು ಮಾತ್ರ. ಅಲ್ಲಿ ಕಾಲು ಸೋಲುವ ಮೊದಲೇ ವಿವೇಕ ಸೋಲುತ್ತದೆ, ಮತ್ತು ಸೋತದ್ದು ಸೋತವನಿಗೆ ತಿಳಿಯುವುದಿಲ್ಲ. ಹಾಗಾಗಿ ಮೇಲೆ ಮಾಡಬೇಕಾದ ನಿರ್ಧಾರವನ್ನು ಕೆಳಗೆ, ಬುದ್ಧಿ ತಿಳಿಯಾಗಿರುವಾಗ ಮಾಡಿಟ್ಟುಕೊಂಡು ಹೋಗಬೇಕು.

1996ರ ಮೇ 10ರಂದು ಏನಾಯಿತು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ನ್ಯೂಜಿಲೆಂಡಿನ ರಾಬ್ ಹಾಲ್ ಮತ್ತು ಅಮೆರಿಕದ ಸ್ಕಾಟ್ ಫಿಶರ್, ಇಬ್ಬರೂ ಹಣ ಪಡೆದು ಜನರನ್ನು ಎವರೆಸ್ಟಿಗೆ ಕರೆದೊಯ್ಯುವ ಸಂಸ್ಥೆಗಳನ್ನು ನಡೆಸುತ್ತಿದ್ದವರು. ಹಾಲ್ ಪ್ರತಿ ಆರೋಹಿಯಿಂದ 65,000 ಡಾಲರ್ ಪಡೆಯುತ್ತಿದ್ದರು. ಮಧ್ಯಾಹ್ನ ಒಂದು, ಬಹಳವೆಂದರೆ ಎರಡು ಗಂಟೆಗೆ ಹಿಂತಿರುಗಬೇಕು ಎಂಬ ಮಾತು ತಂಡದಲ್ಲಿ ಬಂದಿತ್ತು. ಆದರೆ ಎರಡರಲ್ಲಿ ಯಾವುದು ಎಂದು ಖಚಿತವಾಗಿ ಹೇಳಿರಲಿಲ್ಲ. ಆ ದಿನ ಹಗ್ಗ ಕಟ್ಟುವುದು ತಡವಾಯಿತು, ಕಡಿದಾದ ಜಾಗಗಳಲ್ಲಿ ಜನ ಸಾಲುಗಟ್ಟಿ ಕಾದರು. ಎರಡು ಗಂಟೆ ಕಳೆದ ಮೇಲೂ ಹಲವರು ಏರುತ್ತಲೇ ಇದ್ದರು. ಹಾಲ್ ಅವರ ತಂಡದಲ್ಲಿದ್ದ ಡಗ್ ಹ್ಯಾನ್ಸನ್ ಶಿಖರ ಮುಟ್ಟಿದಾಗ ಸಂಜೆ ನಾಲ್ಕರ ಸುಮಾರು. ಹಿಂದಿನ ವರ್ಷ ಇದೇ ಹ್ಯಾನ್ಸನ್‌ರನ್ನು ಶಿಖರದ ಸಮೀಪದಿಂದ ಹಾಲ್ ಅವರೇ ಹಿಂದಕ್ಕೆ ಕಳಿಸಿದ್ದರು. ಅಂಚೆ ಕಚೇರಿಯ ನೌಕರ, ದುಡಿದು ಕೂಡಿಟ್ಟ ಹಣದಲ್ಲಿ ಮತ್ತೆ ಬಂದಿದ್ದ ಮನುಷ್ಯ. ಎರಡನೇ ಸಲವೂ ಅವರನ್ನು ತಿರುಗಿಸಲು ಹಾಲ್ ಅವರಿಗೆ ಮನಸ್ಸು ಬರಲಿಲ್ಲವೆಂದೇ ತೋರುತ್ತದೆ. ಸಂಜೆ ಹಿಮಬಿರುಗಾಳಿ ಎದ್ದಿತು. ಹಾಲ್, ಹ್ಯಾನ್ಸನ್, ಫಿಶರ್ ಸೇರಿದಂತೆ, ಪರ್ವತದ ಆಚೆ ಬದಿಯಲ್ಲಿದ್ದ ನಮ್ಮ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ಮೂವರೂ ಸೇರಿದಂತೆ, ಎಂಟು ಜನ ತೀರಿಕೊಂಡರು.

ಅದೇ ದಿನ ಹಾಲ್ ತಂಡದ ಮೂವರು ಬೆಳಿಗ್ಗೆ ಹನ್ನೊಂದೂವರೆಯ ಸುಮಾರಿಗೆ ಸಾಲಿನ ಉದ್ದವನ್ನೂ ಕೈಯಲ್ಲಿದ್ದ ವೇಳೆಯನ್ನೂ ಲೆಕ್ಕ ಹಾಕಿ, ತಾವಾಗಿ ಹಿಂತಿರುಗಿದ್ದರು. ಅವರೂ ಅಷ್ಟೇ ಹಣ ಕೊಟ್ಟಿದ್ದವರು. ಮೂವರೂ ಮನೆ ಸೇರಿದರು. ಅದಕ್ಕೂ ಕೆಲವು ದಿನ ಮೊದಲು ಯೋರನ್ ಕ್ರಾಪ್ ಎಂಬ ಸ್ವೀಡನ್ನಿನ ಆರೋಹಿ, ತನ್ನ ದೇಶದಿಂದ ನೇಪಾಳದವರೆಗೆ ಸೈಕಲ್ ತುಳಿದು ಬಂದಿದ್ದವನು, ಶಿಖರಕ್ಕೆ ನೂರು ಮೀಟರಿನಷ್ಟು ಬಾಕಿ ಇರುವಾಗ ಹೊತ್ತಾಯಿತೆಂದು ಇಳಿದುಬಿಟ್ಟ. ದುರಂತದ ಬಳಿಕ, ಅದೇ ತಿಂಗಳ 23ರಂದು ಮತ್ತೆ ಹೋಗಿ ಶಿಖರ ಮುಟ್ಟಿದ. ಸಾವಿರಾರು ಕಿಲೋಮೀಟರ್ ತುಳಿದು ಬಂದವನಿಗೆ ಆ ನೂರು ಮೀಟರ್ ಬಿಟ್ಟು ಇಳಿಯುವುದು ಎಷ್ಟು ಕಷ್ಟವಾಗಿರಬೇಕು!

ಈ ದುರಂತವನ್ನು ನಿರ್ವಹಣಾಶಾಸ್ತ್ರದವರು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ಆಗ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಮೈಕೇಲ್ ರಾಬರ್ಟೊ 2002ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎತ್ತಿ ತೋರಿಸಿದ ಒಂದು ಅಂಶ, ಮರಳಿ ಬಾರದ ವೆಚ್ಚದ ಎಳೆತ. ಇಷ್ಟು ಹಣ ಸುರಿದಿದ್ದೇವೆ, ಇಷ್ಟು ದೂರ ಬಂದಿದ್ದೇವೆ ಎಂಬ ಲೆಕ್ಕ ಮುಂದಿನ ಹೆಜ್ಜೆಯನ್ನು ನಿರ್ಧರಿಸಿಬಿಡುತ್ತದೆ. ಆ ಹಣ ಹೋಗಿಯಾಗಿದೆ, ಮುಂದೆ ಹೋದರೂ ಹಿಂದೆ ಬಂದರೂ ಅದು ವಾಪಸು ಬರುವುದಿಲ್ಲ. ಇದು ನಿಮ್ಮ ಪಠ್ಯದಲ್ಲಿ ಒಂದು ಪ್ಯಾರಾದಷ್ಟು ಇರಬಹುದು. ನಾನು ಅದನ್ನು ಕಂಡದ್ದು ಹೊಲಗಳಲ್ಲಿ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ಕೊರೆಸುವ ರಾತ್ರಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೀರಿನ ಪಾಯಿಂಟ್ ತೋರಿಸುವವರು ಬಂದು ಜಾಗ ಗುರುತಿಸಿ ಹೋಗಿರುತ್ತಾರೆ. ಪೂಜೆಯಾಗಿ ಲಾರಿ ನಿಂತು ಕೊರೆತ ಶುರುವಾಗುತ್ತದೆ. ಅಡಿಗೆ ಇಷ್ಟು ಎಂದು ದರ, ಆಳಕ್ಕೆ ಹೋದಂತೆ ದರವೂ ಏರುತ್ತದೆ. ಆರುನೂರು ಅಡಿಯಲ್ಲೂ ಬರೀ ಧೂಳು. ಲಾರಿಯವನು ಕೇಳುತ್ತಾನೆ: ನಿಲ್ಲಿಸೋಣವಾ ಗೌಡ್ರೇ? ಸುತ್ತ ನಿಂತ ಅಣ್ಣತಮ್ಮಂದಿರು, ನೆರೆಯವರು, ಎಲ್ಲರೂ ಒಂದೊಂದು ಹೇಳುತ್ತಾರೆ. ಇಷ್ಟಾಗಿದೆ, ಇನ್ನೊಂದು ಐವತ್ತಡಿ ನೋಡೇಬಿಡೋಣ. ಆ ಐವತ್ತು ಮುಗಿದ ಮೇಲೆ ಇನ್ನೊಂದು ಐವತ್ತು. ಸಾವಿರ ಅಡಿ ದಾಟಿದ ಬಾವಿಗಳು ಆ ಸೀಮೆಯಲ್ಲಿ ಅಪರೂಪವಲ್ಲ. ಬೆಳಗಾಗುವಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿದು, ಹೆಂಡತಿಯ ಒಡವೆ ಅಡವಿಗೆ ಹೋಗಿ, ನಮ್ಮ ಬ್ಯಾಂಕಿನ ಬಾಗಿಲಿಗೂ ಆ ಮನುಷ್ಯ ಬರುತ್ತಿದ್ದ. ಇಲ್ಲಿ ನಾನು ರೈತನನ್ನು ದೂಷಿಸುತ್ತಿಲ್ಲ. ಒಣಗುತ್ತಿರುವ ತೋಟ ಕಣ್ಣೆದುರಿಗಿರುವಾಗ, ನಿದ್ದೆಗೆಟ್ಟ ರಾತ್ರಿಯಲ್ಲಿ, ಯಂತ್ರದ ಆ ಸದ್ದಿನ ನಡುವೆ ಯಾರಿಗಾದರೂ ವಿವೇಕ ಉಳಿಯುವುದು ಕಷ್ಟ. ಎಂಟು ಸಾವಿರ ಮೀಟರಿನಲ್ಲಿ ಆಮ್ಲಜನಕದ ಕೊರತೆ ಮಾಡುವ ಕೆಲಸವನ್ನು ಇಲ್ಲಿ ಆಸೆ ಮತ್ತು ಆತಂಕ ಮಾಡುತ್ತವೆ. ಎಷ್ಟು ಅಡಿಗೆ ನಿಲ್ಲಿಸಬೇಕು ಎಂಬುದನ್ನು ಹಿಂದಿನ ಸಂಜೆ, ಮನೆಯಲ್ಲಿ, ಮನೆಯಾಕೆಯ ಜೊತೆ ಕೂತು ಲೆಕ್ಕ ಹಾಕಿ ಬರೆದಿಟ್ಟುಕೊಂಡು ಬಂದವರು ಮಾತ್ರ ಆ ರಾತ್ರಿ ನಿಲ್ಲಿಸಬಲ್ಲರು. ಅಂಥ ಕೆಲವರನ್ನು ನಾನು ಬಲ್ಲೆ. ಬತ್ತಿದ ಬಾವಿಯ ದುಃಖ ಅವರಿಗೂ ಇತ್ತು, ಆದರೆ ಜಮೀನು ಉಳಿದಿತ್ತು.

ದೊಡ್ಡ ಕಂಪನಿಗಳಿಗೂ ಇದೇ ಕಷ್ಟ. 1968ರಲ್ಲಿ ಹುಟ್ಟಿದ ಇಂಟೆಲ್ ಕಂಪನಿ ಬೆಳೆದದ್ದು ಕಂಪ್ಯೂಟರಿನ ಮೆಮೊರಿ ಚಿಪ್‌ಗಳಿಂದ. ಎಂಬತ್ತರ ದಶಕದಲ್ಲಿ ಜಪಾನಿನ ಕಂಪನಿಗಳು ಅದೇ ಚಿಪ್‌ಗಳನ್ನು ಹೆಚ್ಚು ಚೆನ್ನಾಗಿ, ಕಡಿಮೆ ಬೆಲೆಗೆ ಕೊಡತೊಡಗಿದವು. ನಷ್ಟ ಬೆಳೆಯುತ್ತಿದ್ದರೂ ಇಂಟೆಲ್‌ಗೆ ಅದನ್ನು ಬಿಡಲಾಗಲಿಲ್ಲ, ಅದು ಅವರ ಗುರುತೇ ಆಗಿತ್ತು. 1985ರಲ್ಲಿ ಕಂಪನಿಯ ಅಧ್ಯಕ್ಷ ಆ್ಯಂಡಿ ಗ್ರೋವ್ ತಮ್ಮ ಹಿರಿಯ ಸಹೋದ್ಯೋಗಿ ಗಾರ್ಡನ್ ಮೂರ್ ಅವರಿಗೆ ಒಂದು ಪ್ರಶ್ನೆ ಹಾಕಿದರು. ನಮ್ಮಿಬ್ಬರನ್ನೂ ತೆಗೆದು ಹೊಸಬರೊಬ್ಬರನ್ನು ತಂದು ಕೂರಿಸಿದರೆ ಅವರೇನು ಮಾಡಬಹುದು? ಮೆಮೊರಿ ಚಿಪ್‌ಗಳನ್ನು ಕೈಬಿಡುತ್ತಾರೆ ಎಂದರು ಮೂರ್. ಹಾಗಿದ್ದರೆ ಆ ಕೆಲಸವನ್ನು ನಾವೇ ಯಾಕೆ ಮಾಡಬಾರದು ಎಂಬುದು ಗ್ರೋವ್ ಅವರ ಮುಂದಿನ ಮಾತು. ಕಂಪನಿ ಮೈಕ್ರೊಪ್ರೊಸೆಸರುಗಳತ್ತ ತಿರುಗಿತು. ಹೊಸಬರ ಕಣ್ಣಿಗೆ ಕಂಡದ್ದು ಇವರಿಗೆ ಕಾಣದಿದ್ದುದಕ್ಕೆ ಕಾರಣ ಒಂದೇ: ಅಲ್ಲಿಯವರೆಗೆ ಏರಿದ ಆಯಾಸ ಹೊಸಬರಿಗೆ ಇರುವುದಿಲ್ಲ. ಇದೇ ಮಾತು ಓದಿಗೂ ಸಲ್ಲುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಿತ್ರರು ಇಲ್ಲಿ ಬಹಳ ಜನ ಇದ್ದೀರಿ. ಎಷ್ಟು ಪ್ರಯತ್ನ, ಎಷ್ಟು ವಯಸ್ಸಿನವರೆಗೆ, ಆಮೇಲೆ ಯಾವ ದಾರಿ ಎಂಬುದನ್ನು ಮೊದಲ ಪ್ರಯತ್ನಕ್ಕೂ ಮುನ್ನ ತಂದೆತಾಯಿಯರ ಜೊತೆ ಕೂತು ಮಾತಾಡಿ. ಮೂರನೇ ಸಲ ಪಟ್ಟಿಯಲ್ಲಿ ಹೆಸರು ಕಾಣದ ಸಂಜೆ ಆ ಮಾತಿಗೆ ಸೂಕ್ತವಾದ ಹೊತ್ತಲ್ಲ.

ಎರಡನೆಯ ಪ್ರಶ್ನೆ: ಹಿಂತಿರುಗುವ ದಾರಿಗೆ ಏನನ್ನು ಉಳಿಸಿಡಬೇಕು? ಇದಕ್ಕೆ ದಕ್ಷಿಣ ಧ್ರುವದ ಕಥೆಯನ್ನು ಬಿಟ್ಟು ಬೇರೆ ಉದಾಹರಣೆ ಹುಡುಕಬೇಕಿಲ್ಲ. ನಾರ್ವೆಯ ರೋಲ್ಡ್ ಅಮುಂಡ್ಸನ್ 1911ರ ಡಿಸೆಂಬರ್ 14ರಂದು ಧ್ರುವ ಮುಟ್ಟಿ ತಂಡದೊಡನೆ ಸುರಕ್ಷಿತವಾಗಿ ಮರಳಿದರು. ಬ್ರಿಟನ್ನಿನ ರಾಬರ್ಟ್ ಸ್ಕಾಟ್ 1912ರ ಜನವರಿ 17ರಂದು ಮುಟ್ಟಿದರು. ಅವರೂ ಅವರ ನಾಲ್ವರು ಸಂಗಾತಿಗಳೂ ಮರಳುವ ದಾರಿಯಲ್ಲಿ ಮಡಿದರು. ಓಟದಲ್ಲಿ ಯಾರು ಮೊದಲು ಎಂಬುದಕ್ಕಿಂತ ನನಗೆ ಮುಖ್ಯವೆನಿಸುವುದು ಹಿಂದಿನ ಋತುವಿನಲ್ಲಿ ಇಬ್ಬರೂ ದಾರಿಯುದ್ದಕ್ಕೆ ಇಟ್ಟ ಆಹಾರ ಮತ್ತು ಇಂಧನದ ದಾಸ್ತಾನುಗಳು.

ಅಮುಂಡ್ಸನ್ 80, 81 ಮತ್ತು 82ನೇ ಡಿಗ್ರಿ ಅಕ್ಷಾಂಶಗಳಲ್ಲಿ ಒಟ್ಟು ಮೂರು ಟನ್ನಿನಷ್ಟು ಸಾಮಾನು ಇಟ್ಟರು. ಬಿಳಿಯ ಬಯಲಿನಲ್ಲಿ ಮಂಜು ಕವಿದಾಗ ದಾಸ್ತಾನು ಕಣ್ಣಿಗೆ ಬೀಳದೇ ಹೋಗಬಹುದು. ಅದಕ್ಕಾಗಿ ಪ್ರಯಾಣದ ದಾರಿಗೆ ಅಡ್ಡಲಾಗಿ, ದಾಸ್ತಾನಿನ ಎರಡೂ ಬದಿಗೆ ಮೈಲಿಗಟ್ಟಲೆ ದೂರ ಗುರುತಿನ ಬಾವುಟಗಳ ಸಾಲು ನೆಟ್ಟರು. ದಾರಿ ತಪ್ಪಿದವನಿಗೂ ಯಾವುದಾದರೊಂದು ಬಾವುಟ ಸಿಗುತ್ತದೆ, ದಾಸ್ತಾನು ಯಾವ ಕಡೆ ಎಂದು ಅದು ತಿಳಿಸುತ್ತದೆ. ಸೀಮೆಎಣ್ಣೆಯ ಡಬ್ಬಗಳಿಗೆ ಬೆಸುಗೆ ಹಾಕಿಸಿದರು. ನಾವು ತಪ್ಪುತ್ತೇವೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಯೋಜನೆ ಇದು.

ಸ್ಕಾಟ್ ತಮ್ಮ ದೊಡ್ಡ ದಾಸ್ತಾನನ್ನು 80ನೇ ಡಿಗ್ರಿಯಲ್ಲಿ ಇಡಬೇಕೆಂದಿದ್ದರು. 1911ರ ಫೆಬ್ರವರಿಯಲ್ಲಿ ಹೊರೆ ಎಳೆಯುತ್ತಿದ್ದ ಕುದುರೆಗಳು ಬಳಲಿದವು. ಕುದುರೆಗಳು ಸತ್ತರೂ ಸರಿ, ಮುಂದೆ ಹೋಗಿ ಗೊತ್ತಾದ ಜಾಗದಲ್ಲೇ ಇಡೋಣ ಎಂದು ಅವರ ತಂಡದ ಲಾರೆನ್ಸ್ ಓಟ್ಸ್ ಹೇಳಿದರು. ಸ್ಕಾಟ್ ಒಪ್ಪಲಿಲ್ಲ, ಮೂಕಪ್ರಾಣಿಗಳ ಯಾತನೆ ಅವರಿಂದ ನೋಡಲಾಗಲಿಲ್ಲ. ಗುರಿಗಿಂತ ಸುಮಾರು 57 ಕಿಲೋಮೀಟರ್ ಹಿಂದೆಯೇ ದಾಸ್ತಾನು ಇಳಿಯಿತು. ‘ಒಂದು ಟನ್ ದಾಸ್ತಾನು’ ಎಂದೇ ಅದರ ಹೆಸರು. ಮುಂದಿನ ವರ್ಷ ಸ್ಕಾಟ್ ಮತ್ತು ಕೊನೆಯ ಇಬ್ಬರು ಸಂಗಾತಿಗಳು ಪ್ರಾಣಬಿಟ್ಟ ಗುಡಾರ ಅದಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿತ್ತು. ಮೊದಲು ನಿಶ್ಚಯಿಸಿದ ಜಾಗದಲ್ಲೇ ಇಟ್ಟಿದ್ದರೆ ಅವರು ಅಷ್ಟರಲ್ಲಿ ಅದನ್ನು ಮುಟ್ಟಿ ಮುಂದೆ ಬಂದಿರುತ್ತಿದ್ದರು. ಇದರ ಮೇಲೆ, ನಾಲ್ವರ ಲೆಕ್ಕದಲ್ಲಿ ಕಟ್ಟಿದ್ದ ಆಹಾರದ ಮೇಲೆ ಕೊನೆಯ ಘಳಿಗೆಯಲ್ಲಿ ಐವರು ಹೊರಟಿದ್ದರು. ಡಬ್ಬಗಳ ಮುಚ್ಚಳದ ಚರ್ಮ ಸಡಿಲವಾಗಿ ಸೀಮೆಎಣ್ಣೆ ಆವಿಯಾಗಿ ಹೋಗಿತ್ತು.

ಸ್ಕಾಟ್ ಅವರಿಗೆ ಅನ್ಯಾಯ ಮಾಡಬಾರದು. ಹವಾಮಾನ ವಿಜ್ಞಾನಿ ಸೂಸನ್ ಸಾಲಮನ್ ಹಳೆಯ ದಾಖಲೆಗಳನ್ನು ಪರಿಶೀಲಿಸಿ, 1912ರ ಮಾರ್ಚ್ ತಿಂಗಳ ಚಳಿ ಅಲ್ಲಿನ ವಾಡಿಕೆಯ ಚಳಿಗಿಂತ ಬಹಳ ಕಠಿಣವಾಗಿತ್ತೆಂದು ತೋರಿಸಿದ್ದಾರೆ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಉಳಿಕೆ ಇಡುವುದು ವಾಡಿಕೆಯ ವರ್ಷಕ್ಕಲ್ಲವಲ್ಲ. ನಮ್ಮ ಹಿರಿಯರು ಬರಗಾಲದಲ್ಲೂ ಬಿತ್ತನೆ ಬೀಜದ ವಾಡೆಗೆ ಕೈ ಹಾಕುತ್ತಿರಲಿಲ್ಲ. ವ್ಯವಹಾರದಲ್ಲಿ ಕಷ್ಟ ಬರುವುದೂ ಉಳಿಕೆ ಇಲ್ಲದಾಗಲೇ. ಲಾಭ ತೋರಿಸುತ್ತಿರುವ ಉದ್ಯಮವೇ ಸಂಬಳದ ದಿನ ಕೈಯಲ್ಲಿ ಹಣವಿಲ್ಲದೆ ಕುಸಿಯುತ್ತದೆ. ಒಳ್ಳೆಯ ಎರಡು ವರ್ಷ ಕಂಡೊಡನೆ ದುಡಿಯುವ ಬಂಡವಾಳವನ್ನೆಲ್ಲ ಹೊಸ ಕಟ್ಟಡಕ್ಕೆ, ಹೊಸ ಯಂತ್ರಕ್ಕೆ ಹಾಕಿ, ದೊಡ್ಡ ಗಿರಾಕಿಯೊಬ್ಬರ ಬಿಲ್ಲು ಮೂರು ತಿಂಗಳು ತಡವಾದಾಗ ಬಾಗಿಲು ಹಾಕಿದ ಕಾರ್ಖಾನೆಗಳ ಕಡತಗಳು ನನ್ನ ಮೇಜಿನ ಮೇಲೆ ಬಂದಿವೆ. ಸಾಲ ಕೇಳಲು ಬಂದವರ ಯೋಜನಾ ವರದಿಯಲ್ಲಿ ನಾನು ಹುಡುಕುತ್ತಿದ್ದದ್ದು ಆ ಅಡ್ಡಸಾಲಿನ ಬಾವುಟಗಳನ್ನೇ. ಅಂದುಕೊಂಡಂತೆ ಆಗದಿದ್ದರೆ ಏನು ಎಂಬ ಪುಟ ಅದರಲ್ಲಿದೆಯೇ? ಬಹುತೇಕ ವರದಿಗಳಲ್ಲಿ ಇರುತ್ತಿರಲಿಲ್ಲ.

ಇನ್ನು ಮೂರನೆಯ ವಿಷಯ, ಹಿಂತಿರುಗಿ ಬಂದವರನ್ನು ನಡೆಸಿಕೊಳ್ಳುವ ರೀತಿ. ಈ ಭಾಗ ನನಗೆ ಬಹಳ ಪ್ರಿಯವಾದದ್ದು, ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಅಪ್ಪಣೆ ಕೊಡಿ.

1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ್ದು ಎಲ್ಲರಿಗೂ ಗೊತ್ತು. ಮೂರು ದಿನ ಮೊದಲು, ಮೇ 26ರಂದು, ಅದೇ ತಂಡದ ಟಾಮ್ ಬರ್ಡಿಲನ್ ಮತ್ತು ಚಾರ್ಲ್ಸ್ ಇವಾನ್ಸ್ ಶಿಖರಕ್ಕೆ ಎತ್ತರದಲ್ಲಿ ಕೇವಲ 300 ಅಡಿ ಬಾಕಿ ಇರುವ ದಕ್ಷಿಣ ಶಿಖರದವರೆಗೆ ಹೋಗಿದ್ದರು. ಅಲ್ಲಿಯವರೆಗೆ ಮನುಷ್ಯರು ತಲುಪಿದ್ದ ಅತಿ ಎತ್ತರದ ಜಾಗ ಅದು. ಹೊತ್ತು ಮಧ್ಯಾಹ್ನ ಒಂದಾಗಿತ್ತು, ಇವಾನ್ಸ್ ಅವರ ಆಮ್ಲಜನಕದ ಉಪಕರಣ ತೊಂದರೆ ಕೊಡುತ್ತಿತ್ತು. ಮುಂದೆ ಹೋದರೆ ಮರಳಲಾಗದು ಎಂದು ಲೆಕ್ಕ ಹಾಕಿ ಇಬ್ಬರೂ ಇಳಿದರು. ದಾರಿಯಲ್ಲಿ ಅರೆಬರೆ ಉಳಿದಿದ್ದ ಆಮ್ಲಜನಕದ ಎರಡು ಸಿಲಿಂಡರುಗಳನ್ನು ಬಿಟ್ಟು ಬಂದರು. ಮೂರನೆಯ ದಿನ ಹಿಲರಿ ಮತ್ತು ತೇನ್‌ಸಿಂಗ್ ಅವನ್ನು ಕಂಡು, ಇಳಿಯುವಾಗ ಬೇಕಾಗುತ್ತದೆಂದು ಗುರುತಿಟ್ಟುಕೊಂಡೇ ಮೇಲೆ ಹೋದರು. ಅದೇ 26ರಂದು ತಂಡದ ನಾಯಕ ಜಾನ್ ಹಂಟ್ ಅವರು ದಾ ನಮ್‌ಗ್ಯಾಲ್ ಎಂಬ ಶೆರ್ಪಾ ಜೊತೆ 27,350 ಅಡಿಯವರೆಗೆ ತಾವೇ ಹೊರೆ ಹೊತ್ತು, ಕೊನೆಯ ಶಿಬಿರಕ್ಕೆ ಬೇಕಾದ ಸಾಮಾನು ಇಟ್ಟು ಕೆಳಗಿಳಿದರು. ಹಂಟ್ ಶಿಖರ ಏರಲಿಲ್ಲ. ಇವಾನ್ಸ್, ಬರ್ಡಿಲನ್ ಕೂಡ ಏರಲಿಲ್ಲ. ಆದರೆ 29ರ ಬೆಳಗಿನ ಆ ಆರೋಹಣದಲ್ಲಿ ಇವರೆಲ್ಲರ ಕೆಲಸ ಇತ್ತು.

ಭಾರತದ ಕಥೆ ಇದಕ್ಕಿಂತ ದೊಡ್ಡದು, ನಾವು ಅದನ್ನು ಸಾಕಷ್ಟು ಹೇಳಿಕೊಂಡಿಲ್ಲ. 1960ರಲ್ಲಿ ಬ್ರಿಗೇಡಿಯರ್ ಗ್ಯಾನ್ ಸಿಂಗ್ ನಾಯಕತ್ವದ ತಂಡ ಎವರೆಸ್ಟಿಗೆ ಹೋಯಿತು. ಸೋನಂ ಗ್ಯಾತ್ಸೊ, ನವಾಂಗ್ ಗೊಂಬು ಮತ್ತು ನರೇಂದ್ರ ಕುಮಾರ್ 28,300 ಅಡಿಗೆ ತಲುಪಿದರು. ಬಿರುಗಾಳಿ ಬೀಸಿತು, ತಿರುಗಿ ಬಂದರು. 1962ರಲ್ಲಿ ಮೇಜರ್ ಜಾನ್ ಡಯಾಸ್ ತಂಡ ಹೊರಟಿತು. ಈ ಸಲ ಗ್ಯಾತ್ಸೊ ಜೊತೆಗಿದ್ದವರು ಹರಿ ದಂಗ್ ಮತ್ತು ನೌಕಾಪಡೆಯ ಎಂ.ಎಸ್. ಕೊಹ್ಲಿ. ಶಿಖರಕ್ಕೆ ಸುಮಾರು 400 ಅಡಿ ಬಾಕಿ ಇದ್ದಾಗ ಮತ್ತೆ ಬಿರುಗಾಳಿ, ಮತ್ತೆ ತಿರುಗಿ ಬಂದರು. ಎರಡು ಬಾರಿ ಹಾಗೆ ಮರಳಿದ ಮೇಲೆ ದೇಶ ಏನು ಮಾಡಿತು? ಹಿಂತಿರುಗಿ ಬಂದ ಕೊಹ್ಲಿ ಅವರನ್ನೇ 1965ರ ತಂಡಕ್ಕೆ ನಾಯಕರನ್ನಾಗಿ ಮಾಡಿತು. ಗ್ಯಾತ್ಸೊ, ಗೊಂಬು ಇಬ್ಬರನ್ನೂ ಮತ್ತೆ ಕಳಿಸಿತು. ಮೇ 20ರಿಂದ 29ರ ನಡುವೆ ನಾಲ್ಕು ತುಕಡಿಗಳಲ್ಲಿ ಒಂಬತ್ತು ಜನ ಶಿಖರ ಏರಿದರು. ಒಂದೇ ತಂಡದಿಂದ ಅಷ್ಟು ಜನ ಏರಿದ್ದು ಅಂದಿನ ವಿಶ್ವದಾಖಲೆ. ಮೊದಲ ತುಕಡಿಯಲ್ಲಿ ಎ.ಎಸ್. ಚೀಮಾ ಜೊತೆ ಏರಿದ ಗೊಂಬು, ಎರಡು ವರ್ಷ ಹಿಂದೆ ಅಮೆರಿಕದ ತಂಡದೊಂದಿಗೂ ಏರಿದ್ದರಿಂದ, ಎವರೆಸ್ಟನ್ನು ಎರಡು ಸಲ ಏರಿದ ಮೊದಲಿಗರಾದರು. ಮೂರನೇ ಯತ್ನದಲ್ಲಿ ಗ್ಯಾತ್ಸೊ ಕೂಡ ಶಿಖರದ ಮೇಲೆ ನಿಂತರು. ಕೊಹ್ಲಿ ಸ್ವತಃ ಏರಲಿಲ್ಲ, ಕೆಳಗಿದ್ದು ಎಲ್ಲರನ್ನೂ ಏರಿಸಿ ಇಳಿಸಿದರು.

1960ರಲ್ಲಿ ತಿರುಗಿ ಬಂದವರನ್ನು ಸೋತವರೆಂದು ಬದಿಗೆ ಸರಿಸಿದ್ದರೆ 28,300 ಅಡಿಯವರೆಗಿನ ದಾರಿಯ ಅನುಭವವೂ ಅವರೊಂದಿಗೇ ಬದಿಗೆ ಸರಿಯುತ್ತಿತ್ತು. ಈಗ ನಮ್ಮ ಕಚೇರಿಗಳನ್ನು ನೋಡಿ. ಹೊಸ ಶಾಖೆ ನಡೆಯುತ್ತಿಲ್ಲ, ಮುಚ್ಚುವುದೇ ಮೇಲು ಎಂದು ವರದಿ ಕೊಟ್ಟ ಅಧಿಕಾರಿಯ ಮುಂದಿನ ಬಡ್ತಿ ಏನಾಗುತ್ತದೆ? ನಷ್ಟದ ಶಾಖೆಯನ್ನು ಇನ್ನೂ ಐದು ವರ್ಷ ಎಳೆದು ನಿವೃತ್ತನಾಗುವವನಿಗೆ ಸನ್ಮಾನ, ಎರಡನೇ ವರ್ಷವೇ ನಿಜ ಹೇಳಿದವನಿಗೆ ವರ್ಗಾವಣೆ. ಇದನ್ನು ಕಂಡ ಕಿರಿಯರು ಕಲಿಯುವ ಪಾಠ ಯಾವ ತರಬೇತಿ ಶಿಬಿರದಿಂದಲೂ ಅಳಿಸಿಹೋಗುವುದಿಲ್ಲ. ಮನೆಗಳಲ್ಲೂ ಹೀಗೆಯೇ. ಅಂಗಡಿ ಮುಚ್ಚಿ ಊರಿಗೆ ಮರಳಿದ ಮಗನನ್ನು ನೆಂಟರ ಮುಂದೆ ಹೇಗೆ ಪರಿಚಯಿಸುತ್ತೇವೆ ಎಂಬುದರ ಮೇಲೆ, ಅವನ ತಮ್ಮ ತನ್ನ ಸಾಲದ ನಿಜವನ್ನು ನಮಗೆ ಹೇಳುತ್ತಾನೋ ಮುಚ್ಚಿಡುತ್ತಾನೋ ಎಂಬುದು ನಿಂತಿದೆ.

ಈಗ ಕೊನೆಯ ಪ್ರಶ್ನೆಗೆ ಬರುತ್ತೇನೆ: ‘ಸಾಕು, ತಿರುಗೋಣ’ ಎನ್ನುವ ಹಕ್ಕು ಯಾರದು? ಇದುವರೆಗೆ ನಾನು ನಾಯಕರ, ಆರೋಹಿಗಳ ಹೆಸರನ್ನೇ ಹೆಚ್ಚು ಹೇಳಿದೆ. ಹೊರೆ ಹೊರುವವರ ಮಾತು ಬಾರದೆ ಈ ಉಪನ್ಯಾಸ ಪೂರ್ಣವಾಗದು.

ನಾಯಕತ್ವದ ತರಗತಿಗಳಲ್ಲಿ ಅರ್ನೆಸ್ಟ್ ಶ್ಯಾಕಲ್‌ಟನ್ ಕಥೆಯನ್ನು ತಪ್ಪದೇ ಹೇಳುತ್ತಾರೆ. 1909ರಲ್ಲಿ ದಕ್ಷಿಣ ಧ್ರುವಕ್ಕೆ ಸುಮಾರು 180 ಕಿಲೋಮೀಟರ್ ಬಾಕಿ ಇದ್ದಾಗ, ಮರಳಲು ಆಹಾರ ಸಾಲದೆಂದು ತಿರುಗಿದ ವ್ಯಕ್ತಿ ಅವರು. ಆಮೇಲೆ ಅಂಟಾರ್ಕ್‌ಟಿಕವನ್ನು ಅಡ್ಡಹಾಯಲು ಹೊರಟಾಗ ‘ಎಂಡ್ಯೂರೆನ್ಸ್’ ಹಡಗು ಹಿಮದಲ್ಲಿ ಸಿಕ್ಕಿ 1915ರ ನವೆಂಬರ್ 21ರಂದು ಮುಳುಗಿತು. ಅದರಲ್ಲಿದ್ದ 28 ಜನರೂ ಬದುಕಿ ಬಂದರು. ಅದ್ಭುತವಾದ ಕಥೆ, ನಿಜವಾದ ಕಥೆ. ಆದರೆ ಅದೇ ಯೋಜನೆಗೆ ಖಂಡದ ಆಚೆ ಬದಿಯಲ್ಲಿ, ರಾಸ್ ಸಮುದ್ರದ ತೀರದಲ್ಲಿ, ಇನ್ನೊಂದು ತಂಡ ಇತ್ತು. ಶ್ಯಾಕಲ್‌ಟನ್ ಬರುವ ದಾರಿಗೆ ಆಹಾರದ ದಾಸ್ತಾನು ಇಡುವುದು ಅವರ ಕೆಲಸ. ಅವರ ಹಡಗು ಬಿರುಗಾಳಿಗೆ ಕೊಚ್ಚಿಹೋಗಿ ಹತ್ತು ಜನ ದಡದಲ್ಲಿ ಉಳಿದರು. ಹರಿದ ಬಟ್ಟೆಯಲ್ಲಿ, ಸ್ಕರ್ವಿ ರೋಗದಲ್ಲಿ ನರಳುತ್ತ, ಒಪ್ಪಿದ ಕೆಲಸವನ್ನು ಅವರು ಮಾಡಿ ಮುಗಿಸಿದರು. 1916ರ ಜನವರಿಯಲ್ಲಿ ಕೊನೆಯ ದಾಸ್ತಾನು ಇಡುವ ಹೊತ್ತಿಗೆ ‘ಎಂಡ್ಯೂರೆನ್ಸ್’ ಸಮುದ್ರದ ತಳ ಸೇರಿ ಎರಡು ತಿಂಗಳಾಗಿತ್ತು. ಯಾರೂ ಬರುವುದಿಲ್ಲ ಎಂದು ಅವರಿಗೆ ತಿಳಿಸುವ ಉಪಾಯವಿರಲಿಲ್ಲ. ಹತ್ತರಲ್ಲಿ ಮೂವರು ಸತ್ತರು. ಶ್ಯಾಕಲ್‌ಟನ್ ಒಬ್ಬರನ್ನೂ ಕಳೆದುಕೊಳ್ಳಲಿಲ್ಲ ಎಂದು ವೇದಿಕೆಗಳಲ್ಲಿ ಹೇಳುವಾಗ ಈ ಮೂವರನ್ನು ಲೆಕ್ಕದಿಂದ ಬಿಡುವುದು ನನಗೆ ನೋವಿನ ಸಂಗತಿ. ಯೋಜನೆಯ ತಲೆಯಲ್ಲಿ ನಿರ್ಧಾರ ಬದಲಾದಾಗ ಆ ಸುದ್ದಿ ಅದರ ತುದಿಯಲ್ಲಿ ದುಡಿಯುವವರಿಗೆ ಯಾವಾಗ ಮುಟ್ಟುತ್ತದೆ? ಕಾರ್ಖಾನೆ ಮುಚ್ಚುವ ತೀರ್ಮಾನವನ್ನು ಬಾಗಿಲಿಗೆ ಅಂಟಿಸಿದ ನೋಟಿಸಿನಿಂದ ತಿಳಿದ ಕಾರ್ಮಿಕರನ್ನು ನೆನೆಯಿರಿ.

2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರಪಾತದಲ್ಲಿ ಮಂಜಿನ ರಾಶಿ ಕುಸಿದು 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಇತರರ ಸಾಮಾನು ಮೇಲಿನ ಶಿಬಿರಗಳಿಗೆ ಹೊರುತ್ತಿದ್ದವರು ಅವರು. ಒಬ್ಬ ಆರೋಹಿ ಆ ಅಪಾಯದ ಜಾಗವನ್ನು ಕೆಲವು ಸಲ ದಾಟಿದರೆ ಹೊರೆಯವರು ಅದಕ್ಕಿಂತ ಎಷ್ಟೋ ಹೆಚ್ಚು ಸಲ ದಾಟುತ್ತಾರೆ. ನೇಪಾಳ ಸರ್ಕಾರ ಪ್ರತಿ ಕುಟುಂಬಕ್ಕೆ ತಕ್ಷಣಕ್ಕೆ ಘೋಷಿಸಿದ್ದು 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಕೆರಳಿದರು. ಸತ್ತವರ ಗೌರವಕ್ಕಾಗಿಯೂ ಬದುಕಿರುವವರ ಸುರಕ್ಷತೆಗಾಗಿಯೂ ಈ ವರ್ಷ ನಾವು ಏರುವುದಿಲ್ಲ ಎಂದರು. ನೇಪಾಳದ ಕಡೆಯಿಂದ ಆ ವರ್ಷದ ಆರೋಹಣ ಹೆಚ್ಚುಕಡಿಮೆ ಪೂರ್ತಿ ನಿಂತುಹೋಯಿತು. ಹಿಂತಿರುಗುವ ತೀರ್ಮಾನ ಆ ಸಲ ಬಂದದ್ದು ಹೊರೆ ಹೊರುವವರ ಬಾಯಿಂದ. ಹೊರೆಯವರ ವಿಮೆಯ ಕನಿಷ್ಠ ಮೊತ್ತವನ್ನು ಸರ್ಕಾರ ಹತ್ತರಿಂದ ಹದಿನೈದು ಲಕ್ಷಕ್ಕೆ ಏರಿಸಿದ್ದು ಆಮೇಲೆ.

ದುರಂತವಾಗುವವರೆಗೆ ಕಾಯದೆ ಈ ಹಕ್ಕನ್ನು ಕೆಲಸದ ಕ್ರಮದಲ್ಲೇ ಸೇರಿಸಲು ಸಾಧ್ಯ. ಅದರ ಉದಾಹರಣೆ ನಮ್ಮ ಸಮೀಪದಲ್ಲೇ ಇದೆ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಬಂಡೆಬೆಟ್ಟಗಳಿವೆ. ಬಂಡೆ ಏರುವವರು ಅಲ್ಲಿ ಅಭ್ಯಾಸ ಮಾಡುತ್ತಾರೆ. ಒಬ್ಬರು ಏರುವಾಗ ಇನ್ನೊಬ್ಬರು ಕೆಳಗೆ ಹಗ್ಗ ಹಿಡಿದಿರುತ್ತಾರೆ. ಹಗ್ಗ ಹಿಡಿದವರು ಸಿದ್ಧ ಎನ್ನುವವರೆಗೆ, ಏರುವವರು ಎಷ್ಟೇ ನಿಪುಣರಾಗಿರಲಿ, ಕಾಲೆತ್ತುವಂತಿಲ್ಲ. ಅದೇ ಜಿಲ್ಲೆಯ ಬಿಡದಿಯಲ್ಲಿ ಟೊಯೋಟಾ ಕಾರು ಕಾರ್ಖಾನೆ ಇದೆ. ಟೊಯೋಟಾ ಪದ್ಧತಿಯಲ್ಲಿ ‘ಆಂಡಾನ್’ ಎಂಬ ವ್ಯವಸ್ಥೆಯೊಂದಿದೆ. ಸಾಲಿನಲ್ಲಿ ನಿಂತು ಬೋಲ್ಟು ಬಿಗಿಯುವ ಯಾವ ಕೆಲಸಗಾರನಾದರೂ ದೋಷ ಕಂಡೊಡನೆ ಅದರ ಮೂಲಕ ಎಚ್ಚರಿಕೆ ಕೊಡಬಹುದು. ತಂಡದ ಮುಖ್ಯಸ್ಥರು ಬಂದು ನೋಡುತ್ತಾರೆ. ನಿಗದಿಯಾದ ಗಡಿಯೊಳಗೆ ಸರಿಯಾಗದಿದ್ದರೆ ಸಾಲು ನಿಲ್ಲುತ್ತದೆ. ಎಚ್ಚರಿಸಿದವನನ್ನು ಯಾರೂ ಗದರಿಸುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ವ್ಯವಸ್ಥೆ ನಿಂತಿದೆ. 1996ರ ಎವರೆಸ್ಟಿನಲ್ಲಿ ಇಲ್ಲದೇ ಹೋದದ್ದು ಇದೇ. ಅಲ್ಲಿ ನಾಯಕನ ಮಾತನ್ನು ಪ್ರಶ್ನಿಸಬಾರದೆಂದು ಮೊದಲೇ ತಾಕೀತಾಗಿತ್ತು, ಎರಡು ಗಂಟೆ ಕಳೆದರೂ ಬಾಯಿ ತೆರೆಯಬಲ್ಲವರು ಇರಲಿಲ್ಲ.

ಈ ಸಂಸ್ಥೆಯ ವಿದ್ಯಾರ್ಥಿಗಳು ಪ್ರತಿ ವರ್ಷ ಕೈಗೊಳ್ಳುವ ಕಿರುಯೋಜನೆಗಳಿಂದಲೇ, ಹಿಂತಿರುಗುವುದನ್ನು ಮೊದಲೇ ಯೋಜಿಸುವ ಅಭ್ಯಾಸವನ್ನು ಆರಂಭಿಸಬಹುದೆಂದು ಪ್ರಾಂಶುಪಾಲರಲ್ಲಿ ಬಿನ್ನವಿಸುತ್ತೇನೆ. ಯೋಜನೆಯ ಮೊದಲ ಪುಟದಲ್ಲಿ ಗುರಿಯ ಕೆಳಗೆ ಇನ್ನು ಮೂರು ಸಾಲುಗಳಿರಲಿ. ಯಾವ ದಿನಾಂಕ ಅಥವಾ ಯಾವ ಮೊತ್ತ ಮುಟ್ಟಿದರೆ ಇದನ್ನು ನಿಲ್ಲಿಸುತ್ತೇವೆ, ನಿಲ್ಲಿಸಿದ ಮೇಲೆ ಮನೆ ಸೇರಲು ಏನನ್ನು ಉಳಿಸಿಟ್ಟಿದ್ದೇವೆ, ಮತ್ತು ತಂಡದ ಅತಿ ಕಿರಿಯ ಸದಸ್ಯೆ ನಿಲ್ಲಿಸಿ ಎಂದರೆ ಅವಳ ಮಾತು ಯಾರಿಗೆ, ಯಾವ ರೀತಿಯಲ್ಲಿ ಮುಟ್ಟುತ್ತದೆ. ಅಂಕ ಕೊಡುವಾಗ, ಈ ಸಾಲುಗಳಿಗೆ ಬದ್ಧರಾಗಿ ಅರ್ಧದಲ್ಲಿ ನಿಲ್ಲಿಸಿದ ತಂಡದ ವರದಿಯನ್ನೂ ಮುಗಿಸಿದ ತಂಡದ ವರದಿಯಷ್ಟೇ ಗಮನವಿಟ್ಟು ಓದಬೇಕೆಂದು ಅಧ್ಯಾಪಕ ಮಿತ್ರರನ್ನು ಕೋರುತ್ತೇನೆ. ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಆ ವರದಿಗಳು ಗ್ರಂಥಾಲಯದಲ್ಲಿ ಸಿಗುವಂತಾಗಲಿ.